ರಾಜಕುಮಾರಿಗೊಂದು ಒಡಪು

ನಾನು ಹಳೆಯ ಕತೆಗಳ ರಾಜಕುಮಾರಿಯರ ಬಗ್ಗೆ ಕವನ ಬರೆಯುತ್ತೇನೆ. ನಾನಿರುವ ಮಲಾಡಿನಲ್ಲಿ ಇದನ್ನು ಯಾರಿಗೆ ಹೇಳಿದರೂ ಅವರು ಮೊದಲು ಕೇಳುವುದು, "ಮಕ್ಕಳಿಗಾ?" ಅಂತ. ಮಕ್ಕಳಿಗಲ್ಲ. ನೂರು ವರ್ಷ ನಿದ್ದೆ ಮಾಡಿದ ರಾಜಕುಮಾರಿಗೆ ಎಬ್ಬಿಸಿದವನ ಮೇಲೆ ಪ್ರೀತಿ ಬಂತೋ, ಸಿಟ್ಟು ಬಂತೋ? ಅಪ್ಪನನ್ನು ಉಪ್ಪಿನಷ್ಟು ಪ್ರೀತಿಸುತ್ತೇನೆ ಎಂದು ನಿಜ ಹೇಳಿ ಅರಮನೆಯಿಂದ ಹೊರಬಿದ್ದ ಕಿರಿಮಗಳು, ಆ ರಾಜ ಒಂದು ದಿನ ಉಪ್ಪಿಲ್ಲದ ಊಟ ಉಂಡು ಕಣ್ಣೀರು ಹಾಕುವವರೆಗೂ ಒಳಗೊಳಗೇ ಏನೆಂದುಕೊಂಡಿದ್ದಳು? ಕತೆ ಹೇಳಿದ ಅಜ್ಜಿಯರು ಇದನ್ನೆಲ್ಲ ನುಂಗಿಕೊಂಡು, ಎಲ್ಲರೂ ಸುಖವಾಗಿದ್ದರು ಎಂದು ಮುಗಿಸಿ ದೀಪ ಆರಿಸಿಬಿಟ್ಟರು. ನುಂಗಿದ್ದನ್ನು ಹೊರಗೆ ತರುವ ಕೆಲಸವನ್ನು ನಾನು ವಹಿಸಿಕೊಂಡೆ. ಯಾರೂ ವಹಿಸಿರಲಿಲ್ಲ.

ಯಾರೂ ಕೇಳುತ್ತಲೂ ಇರಲಿಲ್ಲ. ವರ್ಷಕ್ಕೊಮ್ಮೆ ನಮ್ಮ ಕಡೆಯ ಕನ್ನಡ ಸಂಘದ ಕವಿಗೋಷ್ಠಿಯಲ್ಲಿ ಓದುತ್ತಿದ್ದೆ. ಅಲ್ಲಿ ಕವಿಗಳೇ ಪ್ರೇಕ್ಷಕರು, ಅವರವರ ಸರದಿ ಮುಗಿದ ಕೂಡಲೇ ಅವರವರು ಉಪ್ಪಿಟ್ಟಿನ ಕಡೆಗೆ. ನನ್ನ ಸರದಿ ಯಾವಾಗಲೂ ಉಪ್ಪಿಟ್ಟಿನ ಪರಿಮಳ ಬಂದ ಮೇಲೆಯೇ. ಮನೆಯಲ್ಲಿ ಗಂಡನಿಗೆ ಓದಿದರೆ ಅವರು ಮೊದಲ ಸಾಲಿಗೆ ಮುಂಚೆಯೇ "ಚೆನ್ನಾಗಿದೆ" ಎನ್ನುವ ಮನುಷ್ಯ. ಮೈಸೂರು ಕಡೆಯ ಮರ್ಯಾದೆ, ಇನ್ನೇನೂ ಮಾಡುವ ಹಾಗಿಲ್ಲ.

ಹೀಗಿರುವಾಗ ಒಂದು ಭಾನುವಾರ ಎದುರು ಫ್ಲ್ಯಾಟಿನ ಹೆಂಗಸು ಬಾಗಿಲು ತಟ್ಟಿದರು. ವಿಜಯಪುರದ ಕಡೆಯವರು. ಗಂಡ ಕಟ್ಟಡದ ಕೆಲಸಕ್ಕೆಂದು ಬಂದು, ಮೇಸ್ತ್ರಿಯಾಗಿ, ಈಗ ಸಣ್ಣ ಕಂತ್ರಾಟುದಾರ. ಈಕೆ ಬಿಲ್ಡಿಂಗಿನ ಕಮಿಟಿಯಲ್ಲಿ ಒಂದು ಅವಧಿ ಇದ್ದವರು. ಆ ಅವಧಿಯಲ್ಲಿ ಲಿಫ್ಟ್ ಒಂದು ದಿನವೂ ಕೆಟ್ಟಿರಲಿಲ್ಲ, ಕೆಡುವ ಧೈರ್ಯ ಅದಕ್ಕೂ ಇರಲಿಲ್ಲ.

"ಅಕ್ಕಾರ, ನೀವು ಕವನಾ ಬರೀತೀರಂತ ಎಲ್ಲಾರೂ ಅಂತಾರ. ನಮ್ಮ ಸೊಸಿಗೆ ಒಂದು ಒಡಪಾ ಬರದು ಕೊಡ್ರಿ."

ಒಡಪು ಎಂದರೇನೆಂದು ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಅವರೇ ಹೇಳಿಕೊಟ್ಟರು. ಅವರ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಶುಭಕಾರ್ಯಗಳಲ್ಲಿ ಮಾತ್ರ ನಾಲ್ಕು ಹೆಂಗಸರು ಅಡ್ಡಗಟ್ಟಿ ಹೇಳಿಸುತ್ತಾರೆ. ಆಗಲೂ ಸುಮ್ಮನೆ ಹೇಳುವಂತಿಲ್ಲ. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರ ನಡುವೆ ಹೆಸರನ್ನು ಸೇರಿಸಿ ಹೇಳಬೇಕು. ಅದೇ ಒಡಪು. ಸೊಸೆ ಬಸುರಿ, ಇನ್ನು ಮೂರು ವಾರಕ್ಕೆ ಕುಬಸ, ಅಂದರೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಎತ್ತುವ ಶಾಸ್ತ್ರ. ಕುರ್ಲಾದಿಂದ ಇವರ ನಾದಿನಿ, ಗಂಡನ ತಂಗಿ, ಬರುತ್ತಾಳೆ. ನಾದಿನಿಯ ಮುಂದೆ ಸೊಸೆ ತಡವರಿಸಿದರೆ ಅತ್ತೆಯ ಮಾನ ಹೋಗುತ್ತದೆ.

ಸೊಸೆ ಇಲ್ಲೇ ಭಾಂಡುಪಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ದಾರಿ ತಪ್ಪುತ್ತದೆ. "ಆಂಟಿ, ನಾನು ಅವನ್ನ ದಿನಾ ಹೆಸರಿಂದಾನೇ ಕರೀತೀನಿ. ಇಸ್ ಮೇ ಕ್ಯಾ ಬಡೀ ಬಾತ್ ಹೈ?" ಇದರಲ್ಲೇನು ದೊಡ್ಡ ಮಾತು ಎಂದು ನನ್ನನ್ನೇ ಕೇಳಿದಳು. ನಾನೋ ನನ್ನ ಗಂಡನನ್ನು "ರೀ" ಎಂದೇ ಕರೆಯುವವಳು. ಆ ಶಾಸ್ತ್ರಕ್ಕೆ ಗೌರವ ಕೊಟ್ಟು ಈ ಬರಹದಲ್ಲೂ ಯಾರ ಹೆಸರನ್ನೂ ಹೇಳುವುದಿಲ್ಲ. ಹೆಸರಿನ ಜಾಗದಲ್ಲಿ ಗೆರೆ ಎಳೆಯುತ್ತೇನೆ.

ಕವಿಗೆ ಬೇಡಿಕೆ ಬರುವುದು ಅಪರೂಪ. ನಾನು ಒಂದು ವಾರ ಲೋಕಲ್‌ನಲ್ಲಿ ನಿಂತುಕೊಂಡೇ ಬರೆದೆ. ನಿದ್ದೆಯ ರಾಜಕುಮಾರಿಯನ್ನೇ ಹಿಡಿದೆ. "ನಿದ್ದೆಯೊಂದೇ ನನ್ನ ಸ್ವಂತದ್ದಾಗಿತ್ತು, ನೀನು ಮುಳ್ಳುಬೇಲಿ ಹಾರಿ ಬಂದು ಬೆಳಗಾಯಿತೆಂದೆ, ನಾನು ಕೇಳಿದ್ದೆನೇ?" ಎಂದು ಶುರುವಾಗಿ ಪುಟ ತಿರುಗಿಸಿದರೂ ಮುಗಿಯದಷ್ಟು ಉದ್ದವಾಯಿತು. ಎದುರು ಮನೆಯ ಸೋಫಾದ ಮೇಲೆ ಕೂತು ಗಂಟಲು ಸರಿಮಾಡಿಕೊಂಡು ಓದಿದೆ. ಆಕೆ ಮೆಂತ್ಯ ಬಿಡಿಸುವುದನ್ನು ನಿಲ್ಲಿಸಿ ಕೇಳಿದರು. ಪೂರ್ತಿ ಕೇಳಿದರು.

"ಎಲ್ಲಾ ಛಲೋ ಐತ್ರಿ. ಇದರಾಗ ಗಂಡ ಎಲ್ಲದಾನ?"

"ಗಂಡ ಇಲ್ಲ. ಇದು ಅವಳ ಅಂತರಂಗ."

"ಅಂತರಂಗದಾಗರ ಇರಬೇಕಲ್ರಿ, ಅಕ್ಕಾರ! ಹೆಸರ ಎಲ್ಲಿ ಇಡೂದು?"

ನಿಜ. ಗಂಡನ ಹೆಸರು ಹೇಳಲೆಂದೇ ಇರುವ ಪದ್ಯವನ್ನು ನಾನು ಗಂಡನಿಗೆ ಕಾಲಿಡಲೂ ಜಾಗವಿಲ್ಲದಂತೆ ಬರೆದುಕೊಂಡು ಹೋಗಿದ್ದೆ. ಇಷ್ಟು ವರ್ಷದ ಕವಿತ್ವದಲ್ಲಿ ಇಂಥ ಎಡವಟ್ಟು ಮಾಡಿರಲಿಲ್ಲ. ಆದರೆ ನನಗೆ ಅವಮಾನವಾಗುವ ಮೊದಲೇ ಆಕೆ ಬೇರೆ ಕಡೆ ಹೊರಟಿದ್ದರು.

"ಅಲ್ರಿ, ನೂರು ವರ್ಷ ಯಾರೂ ಚಾ ಕೇಳಲಾರದಂಗ ಮಲಗಿದ್ಲಾ ಅಕಿ? ಪುಣ್ಯವಂತಿ! ಅಂಥಾಕಿನ್ನ ಎಬ್ಬಿಸಿದ್ರ ಸಿಟ್ಟು ಬರಲಾರದ ಮತ್ತೇನ ಬರತೈತಿ? ನೀವು ಬರದದ್ದು ಖರೇ ಐತಿ."

ಖರೇ ಐತಿ, ನಿಜವಂತೆ! ಕವಿಗೋಷ್ಠಿಗಳಲ್ಲಿ ನನಗೆ ಹಾರ ಬಂದಿದೆ, ಶಾಲು ಬಂದಿದೆ, ಒಮ್ಮೆ ಗೋಡೆ ಗಡಿಯಾರವೂ ಬಂದಿದೆ. ಈ ಎರಡು ಪದ ಎಂದೂ ಬಂದಿರಲಿಲ್ಲ. ಅವತ್ತು ಮನೆಗೆ ಬಂದು ಖುಷಿಗೆ ಗಂಡನಿಗೆ ಎರಡು ಸಲ ಕಾಫಿ ಕೊಟ್ಟೆ. ಅವರು ಎರಡನೆಯದಕ್ಕೂ "ಚೆನ್ನಾಗಿದೆ" ಎಂದರು.

ಮರುದಿನ ಆಕೆ ಮತ್ತೆ ಬಂದರು. ಈ ಸಲ ಬಾಗಿಲು ಹಾಕಿಕೊಂಡು ಕೂತರು.

"ಸೊಸೀದು ನೀವಿಬ್ಬರೂ ಕೂಡಿ ಸಣ್ಣದು ಮಾಡ್ರಿ, ನಂದೂ ಒಂದು ಬೇಕಾಗೇತ್ರಿ. ನಾದಿನಿ ನನ್ನನ್ನೂ ಬಿಡಂಗಿಲ್ಲ. ಹಳೇದು ಹೇಳಾಕ ಬರಂಗಿಲ್ಲ ಈಗ."

ಹಳೆಯದು ಎಂದರೆ ಮದುವೆಯಾದಾಗಿನಿಂದ ಆಕೆ ಪ್ರತಿ ಶುಭಕಾರ್ಯದಲ್ಲೂ ಹೇಳುತ್ತ ಬಂದದ್ದು: "ಬೆಳ್ಳಿ ಬಟ್ಟಲದಾಗ ಕೆನೀ ಹಾಲ, ______ ರಾಯರ ಕೂಡ ನಂದು ಸುಖದ ಕಾಲ." ಈಗ ಸುಖದ ಕಾಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಕೆ ಗಂಡನೊಂದಿಗೆ ಮಾತು ಬಿಟ್ಟು ಎರಡು ತಿಂಗಳಾಗುತ್ತ ಬಂದಿತ್ತು. ಹಾಗಂತ ಒಡಪು ಹೇಳದೇ ಇದ್ದರೆ, ಒಳಗಿನ ಜಗಳವನ್ನು ನೆಂಟರ ಮುಂದೆ ಮೈಕ್ ಹಿಡಿದು ಸಾರಿದಂತೆ. ನಾದಿನಿಗೆ ಅಷ್ಟು ಸಿಕ್ಕರೆ ಅದು ಕುರ್ಲಾ ತಲುಪುವುದಷ್ಟೇ ಅಲ್ಲ, ಸೊಸೆಯ ತವರಿಗೂ ಹೋಗುತ್ತದೆ. "ಕುಬಸದಾಗ ನನ್ನ ಸೊಸಿ ಮುಖಾ ಸಣ್ಣದಾಗಬಾರದು" ಎಂದು ಎರಡು ಸಲ ಹೇಳಿದರು. ಹಾಗೆ ಹೇಳುವಾಗ ಆಕೆಯ ದೊಡ್ಡ ದನಿ ಸಣ್ಣಗಾಗಿತ್ತು.

ಜಗಳದ ಮೂಲ ಇಡೀ ಮಹಡಿಗೆ ಗೊತ್ತಿತ್ತು. ಜೋಳದ ರೊಟ್ಟಿ. ಒಂದು ಭಾನುವಾರ ಇದೇ ನಾದಿನಿಯ ಮನೆಯವರು ಊಟಕ್ಕೆ ಬಂದಿದ್ದರು. ಅವತ್ತು ಅತ್ತೆಗೆ ಮೊಣಕೈ ನೋವು, ರೊಟ್ಟಿ ಸೊಸೆಯ ಪಾಲಿಗೆ ಬಂತು. ಮಾವ ಒಂದು ತುತ್ತು ಬಾಯಿಗಿಟ್ಟು, ಎಲ್ಲರಿಗೂ ಕೇಳುವಂತೆ, "ರೊಟ್ಟಿ ಅಂದ್ರ ಇದು ನೋಡ್ರಿ! ಇಷ್ಟು ವರ್ಷಕ್ಕ ನಮ್ಮ ಮನ್ಯಾಗ ಇವತ್ತ ರೊಟ್ಟಿ ಆತು" ಎಂದುಬಿಟ್ಟರು. ನಾದಿನಿ ನಕ್ಕಳು. ಮೂವತ್ತು ವರ್ಷ ದಿನಾ ರೊಟ್ಟಿ ಬಡಿದ ಕೈ ಅಲ್ಲಿಯೇ ಇತ್ತು, ತಾಟಿಗೆ ಪಲ್ಯ ಬಡಿಸುತ್ತಿತ್ತು.

ಅಂದಿನಿಂದ ಗಂಡ ಹೆಂಡತಿಯ ನಡುವೆ ಸೊಸೆಯೇ ಅನೌನ್ಸರ್. ಮೂವರೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. "ಅವರಿಗೆ ಹೇಳವಾ, ಗ್ಯಾಸ್ ತೀರೇತಿ ಅಂತ" ಎಂದು ಅತ್ತೆ. "ಪಪ್ಪಾ, ಗ್ಯಾಸ್ ಖತಮ್ ಅಂತ" ಎಂದು ಸೊಸೆ. "ಅಕಿಗೆ ಹೇಳು, ನಿನ್ನೇನ ಬುಕ್ ಮಾಡೀನಿ" ಎಂದು ಮಾವ. ಇಬ್ಬರೂ ಕಿವಿಯಾರೆ ಕೇಳಿದ್ದನ್ನು ಆ ಹುಡುಗಿ ಹೊಟ್ಟೆಯ ಭಾರ ಹೊತ್ತುಕೊಂಡು ಅತ್ತ ಇತ್ತ ಹಿಂದಿಯಲ್ಲಿ ಸಾಗಿಸುತ್ತಿದ್ದಳು.

ಆದರೆ ಮಹಡಿಗೆ ಗೊತ್ತಿಲ್ಲದ್ದು ಒಂದಿತ್ತು, ಅದು ನನ್ನ ತಲೆಗೆ ಬಂದು ಬಿದ್ದಿತ್ತು. ಒಡಪು ಕಲಿಯಲು ಬಂದ ಸೊಸೆ ಒಂದು ಸಂಜೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಅವತ್ತಿನ ರೊಟ್ಟಿ ಅವಳು ಮಾಡಿದ್ದಲ್ಲ. ಬಸುರಿಯ ವಾಕರಿಕೆ, ಜೋಳದ ಹಿಟ್ಟಿನ ವಾಸನೆಗೆ ನಿಲ್ಲಲಾಗಲಿಲ್ಲ. ಯಾರಿಗೂ ಕಾಣದಂತೆ ಕೆಳಗಿಳಿದು ಸ್ಟೇಶನ್ ಹತ್ತಿರ ಚಪಾತಿ, ರೊಟ್ಟಿ ಮಾರುವ ಪೋಳಿ ಭಾಜಿ ಅಂಗಡಿಯಿಂದ ಬಿಸಿಬಿಸಿಯಾಗಿ ಕಟ್ಟಿಸಿಕೊಂಡು ಬಂದಿದ್ದಳು. ಮಾವ ಅಷ್ಟು ಜೋರಾಗಿ ಹೊಗಳಿದ ಮೇಲೆ ಅಂಗಡಿಯದು ಎಂದು ಹೇಳಲು ನಾಲಿಗೆ ಏಳಲಿಲ್ಲ. "ಆಂಟಿ, ಅತ್ತೆಗೆ ಹೇಳಬ್ಯಾಡ್ರಿ, ಪ್ಲೀಸ್." ನಾನು ಹೇಳುವುದಿಲ್ಲ ಎಂದೆ. ಮಾತು ಕೊಟ್ಟ ಮೇಲೆ ಆ ರೊಟ್ಟಿ ನನ್ನ ಗಂಟಲಲ್ಲಿ ಸಿಕ್ಕಿಕೊಂಡಂತೆ ಆಯಿತು.

ಇತ್ತ ಅತ್ತೆಗೆ ಒಡಪು ಬೇಕಿತ್ತು. ಹೆಸರು ಇರಬೇಕು, ಸುಖ ಇರಬಾರದು, ಜಗಳವೂ ಕಾಣಬಾರದು. ನಾನು ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಇಟ್ಟಿದ್ದ ರಾಕ್ಷಸನನ್ನು ತಂದೆ. "ಗಂಡಗ ರಾಕ್ಷಸ ಅಂದ್ರ ನಡದೀತು, ಕುಬಸದಾಗ ಪ್ರಾಣಾ ತಗಿಯೂದು ಬ್ಯಾಡ್ರಿ" ಎಂದರು. ಕಪ್ಪೆಯಾಗಿದ್ದ ರಾಜಕುಮಾರನನ್ನು ತಂದೆ. "ಮದಿವ್ಯಾದ ಮ್ಯಾಲ ಕಪ್ಪಿ ಆದವನ ಕತಿ ಇದ್ರ ಹೇಳ್ರಿ" ಎಂದರು. ಕೊನೆಗೆ ಬೇರೇನೂ ತೋಚದೆ ಉಪ್ಪಿನ ರಾಜಕುಮಾರಿಯ ಕತೆ ಹೇಳಿ, ನನ್ನ ಕವನದ ಕೊನೆಯ ಸಾಲುಗಳನ್ನು ಓದಿದೆ:

ಅಪ್ಪ, ನಿನ್ನ ಸಾರಿನಲ್ಲಿ ಕರಗಿಹೋದವಳು ನಾನು,
ಕರಗಿದ್ದಕ್ಕೇ ಕಾಣಿಸಲಿಲ್ಲ.
ಇವತ್ತು ತುತ್ತು ಬಾಯಿಗಿಟ್ಟು ನಿಂತುಬಿಟ್ಟೆಯಲ್ಲ,
ಆ ಸಪ್ಪೆಯೇ ನನ್ನ ಹೆಸರು.

ಆಕೆ ಸೆರಗು ಸರಿಮಾಡಿಕೊಂಡು, "ತಿಳೀತ್ರಿ ಅಕ್ಕಾರ" ಎಂದು ಎದ್ದು ಹೋದರು. ಕವನ ಮುಟ್ಟಿತು ಎಂದು ನಾನು ಹಿಗ್ಗಿದೆ.

ಮುಟ್ಟಿದ್ದು ಬೇರೆ ಕಡೆಗೆ. ಆಕೆ ಅದನ್ನು ಅಡುಗೆಯ ವಿಧಾನ ಎಂದು ತೆಗೆದುಕೊಂಡಿದ್ದರು. ಮರುದಿನದಿಂದಲೇ ಗಂಡನ ಪಾಲಿನ ಸಾರು, ಪಲ್ಯ, ಬೇಳೆ ಎಲ್ಲವನ್ನೂ ಬೇರೆ ಪಾತ್ರೆಗೆ ತೆಗೆದಿಟ್ಟು, ಉಳಿದದ್ದಕ್ಕೆ ಮಾತ್ರ ಉಪ್ಪು ಹಾಕತೊಡಗಿದರು. ಸೇಡಿಗೆ ಇಷ್ಟು ಪಾತ್ರೆ ತೊಳೆದವರನ್ನು ನಾನು ಇನ್ನೆಲ್ಲೂ ನೋಡಿಲ್ಲ. ನನ್ನ ಕವನ ಕೇಳಿ ಯಾರಾದರೂ ಏನಾದರೂ ಮಾಡಿದ್ದು ಅದೇ ಮೊದಲು. ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

"ಏನಾದ್ರೂ ಅಂದ್ರಾ?" ಎಂದು ದಿನಾ ಲಿಫ್ಟಿನ ಹತ್ತಿರ ಕೇಳುತ್ತಿದ್ದೆ.

"ಒಂದು ಮಾತಿಲ್ರಿ! ಸಪ್ಪನ ಸಾರು ಸುರ್ ಅಂತ ಹೀರಿ, ಕೈ ತೊಳಕೊಂಡು ಹೋದ್ರು. ನಿನ್ನೆ ಮತ್ತೊಂದು ಸೌಟು ಕೇಳಿ ಹಾಕಿಸಿಕೊಂಡ್ರು." ಆಕೆಯ ಮುಖದಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಾಗಿತ್ತು. "ನಿಮ್ಮ ರಾಜಾ ಒಂದ ಊಟಕ್ಕ ಅತ್ತನಂತ ಹೇಳಿದ್ರಿ. ಇವ್ರು ದಪ್ಪ ಆಗಾಕತ್ತಾರ."

ಕತೆಯ ರಾಜರಿಗೆ ನಾಲಿಗೆ ಚುರುಕಿರುತ್ತದೆ, ಕಟ್ಟಡದ ಕೆಲಸದ ಧೂಳು ತಿಂದವರ ಲೆಕ್ಕ ನನಗೆ ಗೊತ್ತಿಲ್ಲ ಎಂದು ಸಮಾಧಾನ ಹೇಳಿದೆ. ಒಡಪು ಮಾತ್ರ ಆಗಲೇ ಇಲ್ಲ. ಕುಬಸದ ಹಿಂದಿನ ದಿನವೂ ಆಕೆಯ ಕೈಯಲ್ಲಿ ಏನೂ ಇರಲಿಲ್ಲ, ನನ್ನ ಕೈಯಲ್ಲಿ ಹರಿದ ಕಾಗದವಿತ್ತು.

ಕುಬಸ ನಮ್ಮ ಸೊಸೈಟಿಯ ಹಾಲ್‌ನಲ್ಲಿ. ಹುಡುಗಿ ಹಸಿರು ಸೀರೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು, ಕೈ ತುಂಬ ಹಸಿರು ಬಳೆ. ಗಂಡಸರು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಊಟ ಯಾವಾಗ ಎಂದು ಕಣ್ಣಲ್ಲೇ ಕೇಳಿಕೊಳ್ಳುತ್ತಿದ್ದರು. ಕುರ್ಲಾದ ನಾದಿನಿ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ. ಆರತಿಯಾದ ಮೇಲೆ ಒಡಪಿನ ಕೂಗೆದ್ದಿತು. ಹುಡುಗಿ ನನ್ನನ್ನೊಮ್ಮೆ ನೋಡಿ, ಉಸಿರೆಳೆದುಕೊಂಡು, ನಾವಿಬ್ಬರೂ ಸೇರಿ ಕಟ್ಟಿದ್ದನ್ನು ಒಪ್ಪಿಸಿದಳು:

"ನೂರು ವರ್ಷ ಮಲಗಿದಾಕಿ ಎದ್ದಾಳ ಅಲಾರಂ ಇಲ್ಲದಂಗ,
______, ನನ್ನ ಎಬ್ಬಿಸಬ್ಯಾಡ, ಚಾ ಮಾಡಿ ಇಡು ಸಪ್ಪಳ ಆಗದಂಗ!"

ಹಾಲ್ ನಕ್ಕು ಬಿದ್ದುಹೋಯಿತು. ಅವಳ ಗಂಡ ಬಾಗಿಲಲ್ಲಿ ಕಿವಿ ಕೆಂಪಾಗಿ ನಿಂತಿದ್ದ. ನನ್ನ ಅಷ್ಟುದ್ದದ ಕವನ ಎರಡು ಸಾಲಿಗೆ ಇಳಿದು ಮೊದಲ ಸಲ ಚಪ್ಪಾಳೆ ಹೊಡೆಸಿಕೊಂಡಿತ್ತು. ನಾನು ಅದನ್ನು ಅನುಭವಿಸುವಷ್ಟರಲ್ಲಿ ನಾದಿನಿ ಎದ್ದು ನಿಂತಳು.

"ಸೊಸಿ ಹೇಳಿದ್ಲು, ಇನ್ನ ಅತ್ತಿ ಹೇಳಲಿ. ಯಾಕ ವೈನಿ, ಈ ಸಲ ಹೆಸರ ಬಾಯಾಗ ಬರವಲ್ದೇನು?"

ನಾದಿನಿಗೆ ಜಗಳದ ವಾಸನೆ ಹತ್ತಿತ್ತು. ಅದಕ್ಕೇ ಕೇಳಿದ್ದು. ಎದುರು ಮನೆಯಾಕೆ ಆರತಿಯ ತಟ್ಟೆ ಹಿಡಿದು ಹಾಗೆಯೇ ನಿಂತರು. ನಗು ಒಂದೊಂದಾಗಿ ಆರಿತು. ಹುಡುಗಿಯ ಮುಖ ಸಣ್ಣದಾಗತೊಡಗಿತ್ತು. ಅವಳ ತಾಯಿ ಅದನ್ನು ನೋಡುತ್ತಿದ್ದರು. ಏನಾದರೂ ಹೇಳಿ, ಹಳೆಯದನ್ನಾದರೂ ಹೇಳಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ.

ಅಷ್ಟರಲ್ಲಿ ಬಾಗಿಲ ಬಳಿ ಕುರ್ಚಿ ಸರಿದ ಸದ್ದಾಯಿತು. ಎದ್ದು ನಿಂತದ್ದು ಆಕೆಯ ಗಂಡ.

"ಅಕಿನ್ನ ಬಿಡು, ನಾನ ಹೇಳತೀನಿ. ನನಗ ಒಡಪಾ ಗಿಡಪಾ ಬರಂಗಿಲ್ಲ, ಇದ್ದದ್ದ ಹೇಳತೀನಿ. ಇಕಿ ನನ್ನ ಕೂಡ ಮಾತು ಬಿಟ್ಟಾಳ. ಖರೇ. ಡಾಕ್ಟರು ಬಿಪಿ ಐತಿ, ಉಪ್ಪ ಬಿಡ್ರಿ ಅಂತ ವರ್ಷದಿಂದ ಬಡಕೊಂಡ್ರೂ ನಾನು ಕೇಳಿರಲಿಲ್ಲ. ಈಗ ಇಕಿ, ಮಾತು ಬಿಟ್ಟಾಕಿ, ನಂದಷ್ಟ ಬ್ಯಾರೆ ತಗದು ಉಪ್ಪಿಲ್ಲದ ಅಡಗಿ ಮಾಡಿ ಹಾಕಾಕತ್ತಾಳ. ಸಿಟ್ಟಿನ್ಯಾಗೂ ನನ್ನ ಬಿಪಿ ಮರತಿಲ್ಲ." ಹೆಂಡತಿಯ ಕಡೆ ಕೈ ತೋರಿಸಿದರು. "ಅಂಥಾಕಿ ನನ್ನ ______."

ಹೆಂಡತಿಯ ಹೆಸರನ್ನು ಅವರು ಜನರ ಮುಂದೆ ಹೇಳಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲವಂತೆ. ಹೆಂಗಸರು ಅಯ್ಯಯ್ಯ ಎಂದು ಕರಗಿಹೋದರು. ಜಗಳ ನೋಡಲೆಂದು ಬಂದಿದ್ದ ನಾದಿನಿಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಲ್‌ನಲ್ಲಿ ಉಪ್ಪಿನ ನಿಜ ಗೊತ್ತಿದ್ದವರು ನಾವಿಬ್ಬರೇ, ಎದುರು ಮನೆಯಾಕೆ ಮತ್ತು ನಾನು. ನಾನು ಆಕೆಯ ಮುಖ ನೋಡುವ ಧೈರ್ಯವಿಲ್ಲದೆ ಫ್ಯಾನ್ ನೋಡುತ್ತ ನಿಂತೆ.

ಸುಮ್ಮನೆ ತಲೆ ತಗ್ಗಿಸಿದ್ದರೆ ಸಾಕಿತ್ತು, ಪತಿವ್ರತೆಯೆಂಬ ಪಟ್ಟ ಪುಕ್ಕಟೆ ಸಿಗುತ್ತಿತ್ತು. ಆದರೆ ತನ್ನದಲ್ಲದ ಹೊಗಳಿಕೆ ಇಟ್ಟುಕೊಳ್ಳುವುದು ಆಕೆಯ ಜಾಯಮಾನವಲ್ಲ. ತುಟಿ ಅದುರಿತು. ಅಳು ಎಂದುಕೊಂಡೆವು, ನಗು. ತಟ್ಟೆಯನ್ನು ಮೇಲೆತ್ತಿ, ಕಮಿಟಿ ಮೀಟಿಂಗಿನ ಆ ಹಳೆಯ ದನಿಯಲ್ಲಿ, ಗಂಡನನ್ನೇ ನೋಡುತ್ತ ಹೇಳಿದರು:

"ಸಿಟ್ಟಿಲೆ ಬಿಟ್ಟ ಉಪ್ಪ, ಪ್ರೀತಿ ಅಂತ ಉಂಡಾರ ಇವರು,
ರೊಟ್ಟಿ ರುಚಿ ತಿಳೀಲಾರದ ______ ರಾಯರ ನನ್ನವರು!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎದ್ದ ನಗೆಗೆ ವಾಚ್‌ಮನ್ ಓಡಿ ಬಂದ. ಹುಡುಗಿ ಬಳೆಯ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳ ಮಾವ, ತಾನು ಗೆದ್ದೆನೋ ಸೋತೆನೋ ತಿಳಿಯದೆ, ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ಸಂತೋಷವಾಯಿತು, ಅದರ ಹಿಂದೆಯೇ ಶುದ್ಧ ಹೊಟ್ಟೆಕಿಚ್ಚೂ ಆಯಿತು. ಇಂಥ ಎರಡು ಸಾಲು ನನಗೇಕೆ ಹೊಳೆಯಲಿಲ್ಲ?

ಊಟವಾದ ಮೇಲೆ ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬುವಾಗ ನಾವಿಬ್ಬರೇ ಇದ್ದೆವು. ರೊಟ್ಟಿ ರುಚಿ ತಿಳಿಯದ ಎಂದದ್ದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಕೊಟ್ಟ ಮಾತು ಉಳಿಸಿಕೊಂಡೇ ಕೇಳುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಆಕೆಯೇ ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದರು.

"ನೋಡಿದ ಕೂಡಲೇ ಗೊತ್ತಾಗಿತ್ರಿ ಅಂಗಡೀದು ಅಂತ. ಅಂಚು ಒಂದೂ ಸೀಳಿರಲಿಲ್ಲ. ಅಂಗಡಿ ರೊಟ್ಟಿಗೆ ನನ್ನ ಕೈ ಹೋಲಿಸಿ ಮಾತಾಡಿದ್ರಲ್ಲ, ಎದಿ ಒಡದು ಹೋತು. ಆದ್ರ ಬಾಯಿ ಬಿಟ್ಟು ಏನಂತ ಹೇಳ್ಲಿ? ನಾದಿನಿ ಎದುರಿಗೆ ಕುಂತಿದ್ಲು. ಬಸುರಿ ಹುಡುಗಿ, ಹೆದರಿ ಗೋಡಿಗೆ ಹತ್ತಿ ನಿಂತಿತ್ತು. ಅಂಗಡೀದು ಅಂದ್ರ ಅದರ ಮಾನಾ ಹೋಗತಿತ್ತು. ಅದಕ್ಕ ಮಾತ ಬಿಟ್ಟೆ. ಮಾತಾಡಿದ್ರ ಅದ ಬಾಯಾಗಿಂದ ಬಂದುಬಿಡತಿತ್ತು."

ಎರಡು ತಿಂಗಳ ಮೌನ ಗಂಡನ ಮೇಲಿನ ಸಿಟ್ಟಷ್ಟೇ ಆಗಿರಲಿಲ್ಲ. ರಾಜಕುಮಾರಿಯರ ಅಂತರಂಗ ಬಗೆಯುತ್ತ ನಾನು ಎಷ್ಟೋ ವರ್ಷ ಕಳೆದಿದ್ದೇನೆ. ಎದುರು ಬಾಗಿಲಿನೊಳಗೆ ಇದ್ದದ್ದು ನನಗೆ ಹೊಳೆದಿರಲಿಲ್ಲ. ಕಣ್ಣು ತುಂಬಿ ಬಂತು. ಆಕೆ ನನ್ನ ಕೈಗೆ ಹೋಳಿಗೆ ಡಬ್ಬಿ ತುರುಕಿ, "ಸೊಸಿಗೆ ಹೇಳಬ್ಯಾಡ್ರಿ, ನನಗ ಗೊತ್ತೈತಂತ. ಸುಮ್ನ ನಾಚಿಕೊಂತಾಳ" ಎಂದರು. ನಾನು ಇನ್ನೊಮ್ಮೆ ಮಾತು ಕೊಟ್ಟೆ.

ಸಂಜೆ ಮೇಲೆ ಹೋಗುವಾಗ ಲಿಫ್ಟಿನಲ್ಲಿ ಆಕೆಯ ಗಂಡ ಸಿಕ್ಕರು. ಬಹಳ ಖುಷಿಯಲ್ಲಿದ್ದರು. ಎರಡು ಮಹಡಿ ದಾಟುವವರೆಗೆ ಏನೋ ಯೋಚಿಸುತ್ತಿದ್ದು, ಮೆಲ್ಲಗೆ ಕೇಳಿದರು.

"ಅಕ್ಕಾರ, ನೀವು ಕವಿಗಳು, ನಿಮಗ ಗೊತ್ತಿರತೈತಿ. ಉಪ್ಪಿಂದು ತಿಳೀತು. ಸಿಟ್ಟಿಲೆ ಬಿಟ್ಟಿದ್ಲಂತ, ಇರ್ಲಿ ಬಿಡ್ರಿ, ಬಿಪಿ ಅಂತೂ ಇಳದೈತಿ. ಆದ್ರ ರೊಟ್ಟಿ ರುಚಿ ತಿಳೀಲಾರದ ಅಂದ್ಲಲ್ಲ, ಅದು ಯಾಕ? ನಾನು ಸೊಸಿ ರೊಟ್ಟಿ ಹೊಗಳಿದ್ದು ತಪ್ಪಾತೇನ್ರಿ?"

ಎರಡು ಕಡೆ ಕೊಟ್ಟ ಮಾತು ನನ್ನ ನಾಲಿಗೆಯ ಎರಡು ಬದಿಯಲ್ಲಿ ಕೂತಿತ್ತು. ಹೊಗಳಿದ್ದು ತಪ್ಪಲ್ಲ, ಇಷ್ಟು ವರ್ಷ ತಿಂದದ್ದನ್ನು ಒಂದು ದಿನವೂ ಹೊಗಳದೇ ಇದ್ದದ್ದು ತಪ್ಪು ಎಂದೆ. ಅವರ ಮುಖ ಬಾಡಿತು. ನನಗೆ ಪಾಪ ಅನ್ನಿಸಿತು.

"ಮತ್ತ ಆ ಸಾಲು?" ಎಂದರು ಪಟ್ಟು ಬಿಡದೆ.

"ಅದು ಪ್ರಾಸಕ್ಕೆ," ಎಂದೆ. "ಪ್ರಾಸಕ್ಕಾಗಿ ನಾವು ಏನೇನೋ ಹೇಳ್ತೀವಿ."

"ಹಂಗ ಅನ್ರಿ ಮತ್ತ!" ಎಂದು ಅವರು ಹಗುರಾಗಿ ನಕ್ಕರು. ಲಿಫ್ಟ್ ನಿಂತಿತು. ಚಪ್ಪಲಿ ಕಳಚುವ ಮೊದಲೇ ತಮ್ಮ ಮನೆಯ ಬಾಗಿಲಲ್ಲಿ ನಿಂತು, ಯಾವ ಅನೌನ್ಸರೂ ಇಲ್ಲದೆ, ನೇರವಾಗಿ ಒಳಗೆ ಕೂಗಿದರು: "ಏ ಕೇಳಿಲ್ಲಿ, ನಾಳೆ ರೊಟ್ಟಿ ನೀನ ಬಡಿ!"

ಒಳಗಿಂದ ಉತ್ತರ ಕೂಡಲೇ ಬಂತು. "ಮೊಣಕೈ ನೋವೈತಿ. ನೀವ ಬಡೀರಿ."